ಸುತ್ತಿಗೆಗೆ ಗಾಳಿ ಸಾಲುತ್ತಿರಲಿಲ್ಲ: ನನ್ನ ಅನುಭವ

ಕಾಳಗದ ರೋಬೋಟ್‌ಗೆ ಗಾಳಿ ಒತ್ತಡದ ಸುತ್ತಿಗೆ ಕೂರಿಸಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು. 50 ಮಿ.ಮೀ. ಒಳವ್ಯಾಸದ ಸಿಲಿಂಡರ್‌ಗೆ 10 ಬಾರ್ ಒತ್ತಡ ಕೊಟ್ಟರೆ ಸುಮಾರು 1,960 ನ್ಯೂಟನ್ ಬಲ. 100 ಮಿ.ಮೀ. ಸ್ಟ್ರೋಕ್‌ಗೆ, ಅಂದರೆ ಪಿಸ್ಟನ್ ಚಲಿಸುವ ದೂರಕ್ಕೆ, ಹೆಚ್ಚೆಂದರೆ 196 ಜೂಲ್ ಶಕ್ತಿ. ಆದರೆ ಸುತ್ತಿಗೆ ಬೀಳುತ್ತಿದ್ದುದು ತೂಕಡಿಸುವವನ ತಲೆಯಂತೆ!

ಸೋರಿಕೆ ಇರಲಿಲ್ಲ, ಗೇಜ್‌ನಲ್ಲಿ ಒತ್ತಡವೂ ಪೂರ್ತಿ ಇತ್ತು. ಇನ್ನಷ್ಟು ಒತ್ತಡ ಏರಿಸೋಣ ಅನ್ನಿಸುತ್ತೆ, ಅಲ್ವಾ? ಅದು ಪರಿಹಾರವಲ್ಲ, ಜೊತೆಗೆ ಅಪಾಯ. ರೆಗ್ಯುಲೇಟರ್ (ಟ್ಯಾಂಕಿನ ಒತ್ತಡವನ್ನು ಬೇಕಾದಷ್ಟಕ್ಕೆ ಇಳಿಸಿ ಕೊಡುವ ಭಾಗ) ಆಚೆಗಿನ ಗೇಜನ್ನು ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿದೆ. ಹೊಡೆಯುವಾಗ ಮುಳ್ಳು ದಿಢೀರನೆ ಕುಸಿಯುತ್ತಿತ್ತು. ನಿಂತಾಗ ಒತ್ತಡವಿದೆ, ಹರಿಯುವಾಗ ಇಲ್ಲ.

ರೆಗ್ಯುಲೇಟರ್ ಆ ಅರೆಕ್ಷಣದಲ್ಲಿ ಬೇಕಾದಷ್ಟು ಗಾಳಿ ಬಿಡಲಾರದು. ಹಾಗಾಗಿ ಅದರ ಆಚೆ, ವಾಲ್ವ್‌ಗೆ ಅಂಟಿಕೊಂಡಂತೆ ಗಾಳಿಯನ್ನು ಮೊದಲೇ ತುಂಬಿಸಿಟ್ಟುಕೊಳ್ಳುವ ಒಂದು ಚಿಕ್ಕ ಬಫರ್ ಟ್ಯಾಂಕ್ ಇಟ್ಟೆ. ಪೈಪ್ ಗಿಡ್ಡ ಮಾಡಿ, ದಪ್ಪದ್ದು ಹಾಕಿದೆ. ವಾಲ್ವ್ ಕೂಡ ದೊಡ್ಡ ರಂಧ್ರದ್ದು. ವೇಗ ಹೆಚ್ಚಿತು, ಆದರೂ ತೃಪ್ತಿಯಾಗಲಿಲ್ಲ.

ಉಳಿದ ತಡೆ ಪಿಸ್ಟನ್‌ನ ಮುಂದುಗಡೆ ಇತ್ತು. ಅಲ್ಲಿನ ಗಾಳಿ ಹೊರಹೋಗದೆ ಪಿಸ್ಟನ್ನನ್ನೇ ಹಿಂದಕ್ಕೆ ತಳ್ಳುತ್ತಿತ್ತು. ಸಿಲಿಂಡರ್ ಬಾಯಲ್ಲೇ ಆ ಗಾಳಿಯನ್ನು ನೇರ ಹೊರಬಿಡುವ ಕ್ವಿಕ್ ಎಕ್ಸಾಸ್ಟ್ ವಾಲ್ವ್ ಹಾಕಿದ ಮೇಲೆ ಸದ್ದೇ ಬದಲಾಯಿತು. ಅತಿ ಅಗ್ಗದ ಭಾಗ, ಅತಿ ಜಾಸ್ತಿ ಲಾಭ.

ಬಫರ್ ಟ್ಯಾಂಕ್‌ಗೂ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ತಾನೇ ಗಾಳಿ ಬಿಡುವ ವಾಲ್ವ್) ಬೇಕು. ಕೈ ಹಾಕುವ ಮುನ್ನ ಸುತ್ತಿಗೆ ಅಲುಗದಂತೆ ಲಾಕಿಂಗ್ ಪಿನ್ ಹಾಕಿ, ಗಾಳಿ ಪೂರ್ತಿ ಬಿಟ್ಟುಬಿಡಿ.

ಈಗ ಹೊಸ ತಲೆನೋವು: ಹೊಡೆದಾಗ ರೋಬೋಟ್‌ನ ಮುಂಭಾಗವೇ ಮೇಲಕ್ಕೇಳುತ್ತಿದೆ. ಬ್ಯಾಟರಿಯನ್ನು ಮುಂದಕ್ಕೆ ಸರಿಸಿ ನೋಡುತ್ತಿದ್ದೇನೆ.