ಗಾಡಿ ಕೊಳ್ಳುವ ಮೊದಲು ಅದರಲ್ಲಿ ಮಲಗಿದೆ

ನಾನು ತಿಪಟೂರಿನವನು. ಇರುವುದು ಒಂದೇ ಲಾರಿ. ಓನರ್ ನಾನೇ, ಡ್ರೈವರ್ ನಾನೇ. ಜೊತೆಗೆ ಅಕ್ಕನ ಮಗ. ಹೋಗುವಾಗ ಉಂಡೆ ಕೊಬ್ಬರಿ, ಬರುವಾಗ ರಾಜಸ್ಥಾನದ ಕಿಶನ್‌ಗಢದ ಮಾರ್ಬಲ್. ಚಿತ್ರದುರ್ಗ, ಹೊಸಪೇಟೆ, ವಿಜಯಪುರ, ಸೊಲ್ಲಾಪುರ, ಧುಳೆ, ಇಂದೋರ್, ಕೋಟಾ, ಜೈಪುರ, ಇದು ನಮ್ಮ ದಾರಿ. ಏಪ್ರಿಲ್, ಮೇ ಬಂತೆಂದರೆ ವಿಜಯಪುರದಿಂದಾಚೆ ಒಲೆ ಮೇಲೆ ಕೂತ ಹಾಗೆ. ಕೋಟಾದಲ್ಲಿ 45 ಡಿಗ್ರಿ ಆಯಿತು ಅಂದರೆ ಅಲ್ಲಿಯ ಜನ ತಲೆ ಎತ್ತಿ ನೋಡುವುದೂ ಇಲ್ಲ.

ನನ್ನ ಹಳೇ ಗಾಡಿ ಕೌಲ್ ಚಾಸಿಸ್. ಕಂಪನಿಯಿಂದ ಇಂಜಿನ್, ಚಾಸಿಸ್, ಮುಂದಿನ ಮುಖ ಬರುತ್ತದೆ. ಕ್ಯಾಬಿನ್ ನಾವೇ ಕಟ್ಟಿಸಬೇಕು. ತಮಿಳುನಾಡಿನ ನಾಮಕ್ಕಲ್‌ಗೆ ಒಯ್ದು ಕಟ್ಟಿಸಿದ್ದೆ. ಮರದ ಚೌಕಟ್ಟು, ಮೇಲೆ ತಗಡು, ಒಳಗೆಲ್ಲ ಬಣ್ಣಬಣ್ಣದ ರೆಕ್ಸಿನ್. ನೋಡೋಕೆ ಮದುವೆ ಮಂಟಪ. ಆದರೆ ಇಂಜಿನ್ ನಮ್ಮಿಬ್ಬರ ಮಧ್ಯೆ, ಬಾನೆಟ್ ಅಡಿಯಲ್ಲಿ. ಎಡಗಾಲು ಸದಾ ಬೇಯುತ್ತಿತ್ತು.

ಓಡಿಸುವಾಗಿನ ಬಿಸಿ ಹೇಗೋ ಸಹಿಸಬಹುದು, ಕಿಟಕಿಯಿಂದ ಗಾಳಿ ಬರುತ್ತದೆ. ಬೇಸಿಗೆಯಲ್ಲಿ ನಾವು ರಾತ್ರಿ ಓಡಿಸಿ ಹಗಲು ಮಲಗುವವರು. ಕಷ್ಟ ಶುರುವಾಗುವುದು ಅಲ್ಲೇ. ಸೀಟಿನ ಹಿಂದಿನ ಹಲಗೆ ಮೇಲೆ ಮಧ್ಯಾಹ್ನ ಮಲಗಲು ಆಗದೆ ಲಾರಿ ಅಡಿಯಲ್ಲಿ ಟಾರ್ಪಾಲು ಹಾಸಿ ಮಲಗುತ್ತಿದ್ದೆವು. ನೊಣ, ಧೂಳು, ಡೀಸೆಲ್ ಕಳ್ಳರ ಭಯ. ಅದನ್ನು ನಿದ್ದೆ ಅನ್ನೋಕಾಗಲ್ಲ. 2023ರ ಮೇ ತಿಂಗಳಲ್ಲಿ, ಝಾಲಾವಾಡ ದಾಟಿ ಬೆಳಗಿನ ಜಾವ ಮೂರು ಗಂಟೆಗೆ, ನನ್ನ ಕಣ್ಣು ಮುಚ್ಚಿಕೊಂಡಿತು. "ಮಾವಾ!" ಅಂತ ಹುಡುಗ ಕಿರುಚಿದ. ಅಷ್ಟರಲ್ಲಿ ಮುಂದಿನ ಚಕ್ರ ಡಿವೈಡರ್ ಉಜ್ಜಿತ್ತು. ಟೈರಿನ ಪಕ್ಕೆ ಹರಿದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಮೂರು ಹಗಲು ಸೇರಿಸಿದರೂ ಐದು ಗಂಟೆ ಮಲಗಿರಲಿಲ್ಲ ನಾನು.

ಮುಂದಿನ ವರ್ಷ ಹೊಸ ಗಾಡಿ ನೋಡಲು ಹೊರಟೆ. ಹನ್ನೆರಡು ಚಕ್ರ, 35 ಟನ್ ಎಂಬುದು ಮೊದಲೇ ನಿಶ್ಚಯ. ಎಲ್ಲರೂ ಕೇಳುವುದು ಹೆಚ್‌ಪಿ, ಮೈಲೇಜು, ಕಂತು. ನಾನೂ ಕೇಳಿದೆ, ಸುಳ್ಳು ಹೇಳಲ್ಲ. ಆದರೆ ಮೊದಲ ಪ್ರಶ್ನೆ ಬೇರೆ ಇತ್ತು: ಇಂಜಿನ್ ಆಫ್ ಮಾಡಿ ಬಿಸಿಲಲ್ಲಿ ನಿಲ್ಲಿಸಿದರೆ ಒಳಗೆ ಎಷ್ಟು ಬಿಸಿ?

ಇದಕ್ಕೆ ಯಾವ ಶೋರೂಮಿನಲ್ಲೂ ಉತ್ತರ ಇರಲಿಲ್ಲ. ಅದಕ್ಕೇ ತಮ್ಮನ ಕೋಳಿ ಫಾರ್ಮಿನಿಂದ ಥರ್ಮಾಮೀಟರ್ ಇಸಕೊಂಡು ಹೋದೆ. ಮೇ ತಿಂಗಳು, ಮಧ್ಯಾಹ್ನ ಒಂದೂವರೆ. "ಗಾಡಿ ಅರ್ಧ ಗಂಟೆ ಓಡಿಸಿ ತಂದು ಬಿಸಿಲಲ್ಲಿ ನಿಲ್ಲಿಸಿ, ಒಂದು ಗಂಟೆ ಬಿಟ್ಟು ಮಲಗಿ ನೋಡ್ತೀನಿ" ಅಂದೆ. ಸೇಲ್ಸ್ ಹುಡುಗ ನಕ್ಕ. "ಸಾರ್, ಎಲ್ಲರೂ ಟ್ರಯಲ್ ಓಡಿಸ್ತಾರೆ, ನೀವು ಮಲಗ್ತೀರಾ?"

ಮೂರು ಗಾಡಿಗಳಲ್ಲಿ ಹೀಗೆ ಮಲಗಿದೆ. ಹೊರಗೆ ನೆರಳಿನಲ್ಲಿ 38. ಒಂದರಲ್ಲಿ ತಲೆದಿಂಬಿನ ಹತ್ತಿರ 51, ಇನ್ನೊಂದರಲ್ಲಿ 49, ಮೂರನೆಯದರಲ್ಲಿ 44. ಕಾರಣ ಹುಡುಕಲು ಕಷ್ಟವಾಗಲಿಲ್ಲ. ಮೂರನೆಯದರ ಚಾವಣಿಗೆ ಒಳಗಡೆ ದಪ್ಪ ಲೈನಿಂಗ್ ಇತ್ತು. ಮೇಲೆ ತೆರೆಯುವ ಮುಚ್ಚಳ ಇತ್ತು, ಬಿಸಿ ಗಾಳಿ ಅಲ್ಲಿಂದ ಹೊರಗೆ ಹೋಗುತ್ತಿತ್ತು. ಬಣ್ಣ ಬಿಳಿ. ಮೊದಲನೆಯದು ಗಾಢ ನೀಲಿ, ಚಾವಣಿ ಮುಟ್ಟಿದರೆ ಕೈ ಸುಡುತ್ತಿತ್ತು. ಇನ್ನೊಂದು ವಿಷಯ ಕೆಳಗೆ ಬಗ್ಗಿ ನೋಡಿದಾಗ ತಿಳಿಯಿತು. ಬಿಎಸ್ 6, ಅಂದರೆ ಈಗಿನ ಹೊಗೆ ನಿಯಮದ ಗಾಡಿಗಳಲ್ಲಿ ಹೊಗೆ ಶುದ್ಧ ಮಾಡುವ ದೊಡ್ಡ ಡಬ್ಬ ಇರುತ್ತದೆ. ಒಳಗಿನ ಫಿಲ್ಟರ್ ಮಸಿ ಸುಡುವಾಗ ಆ ಡಬ್ಬ ಕೆಂಡದ ಹಾಗೆ ಕಾಯುತ್ತದೆ. ಎರಡನೆಯ ಗಾಡಿಯಲ್ಲಿ ಅದು ಕ್ಯಾಬಿನ್ನಿಗೆ ಅಂಟಿಕೊಂಡ ಹಾಗೇ ಇತ್ತು. ಮೂರನೆಯದರಲ್ಲಿ ಹಿಂದಕ್ಕೆ, ಬಾಡಿ ಕೆಳಗೆ.

ಇಂಜಿನ್ ಆಫ್ ಮಾಡಿದ ಕೂಡಲೇ ಕ್ಯಾಬಿನ್ ತಣ್ಣಗಾಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಉಲ್ಟಾ. ನೀರೂ ಫ್ಯಾನೂ ನಿಂತ ಮೇಲೆ ಇಂಜಿನ್ನಿನಲ್ಲಿ ಉಳಿದ ಕಾವು ಮೇಲಕ್ಕೆ ಏರುತ್ತದೆ. ಮೊದಲ ಅರ್ಧ ಗಂಟೆ ಮುಳ್ಳು ಏರುತ್ತಲೇ ಇತ್ತು.

ಎಸಿ ವಿಷಯಕ್ಕೆ ಬರೋಣ. 3.5 ಟನ್ನಿಗಿಂತ ಹೆಚ್ಚಿನ ಲಾರಿಗಳಲ್ಲಿ ಕ್ಯಾಬಿನ್ ಎಸಿ ಕಡ್ಡಾಯ, 2025ರ ಅಕ್ಟೋಬರ್ 1ರಿಂದ ತಯಾರಾಗುವ ಗಾಡಿಗಳಿಗೆ. 2023ರ ಡಿಸೆಂಬರ್‌ನಲ್ಲೇ ಅಧಿಸೂಚನೆ ಬಂದಿತ್ತು. ನಾನು ಹೋದದ್ದು 2024ರಲ್ಲಿ. "ಬ್ಲೋವರ್ ಗಾಡಿ ತಗೊಳ್ಳಿ ಸಾರ್, ಸಸ್ತಾ" ಅಂತ ಒಬ್ಬ ದುಂಬಾಲು ಬಿದ್ದ. 45 ಡಿಗ್ರಿಯಲ್ಲಿ ಬ್ಲೋವರ್ ಏನು ಮಾಡುತ್ತದೆ? 45 ಡಿಗ್ರಿ ಗಾಳಿಯನ್ನೇ ಮುಖಕ್ಕೆ ಊದುತ್ತದೆ. ಎಸಿಯದನ್ನೇ ತೆಗೆದುಕೊಂಡೆ. ಹಾಗಂತ ಎಸಿ ಇದ್ದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಗಾಳಿ ಬರುವ ಕಿಂಡಿಗಳೆಲ್ಲ ಡ್ಯಾಶ್‌ಬೋರ್ಡಿನಲ್ಲಿ. ಸೀಟಿನಲ್ಲಿ 26 ಇರುವಾಗ ಹಿಂದೆ ಮಲಗುವ ಜಾಗದಲ್ಲಿ 32. ಅದಕ್ಕೆ ಒಂದು 24 ವೋಲ್ಟಿನ ಸಣ್ಣ ಫ್ಯಾನ್ ಹಾಕಿಸಿ ತಣ್ಣನೆ ಗಾಳಿಯನ್ನು ಹಿಂದಕ್ಕೆ ಎಳೆಸಿದೆ.

ಎಸಿ ಓಡಬೇಕಾದರೆ ಇಂಜಿನ್ ಓಡಬೇಕು. ನಿಲ್ಲಿಸಿ ಐದು ಗಂಟೆ ಐಡಲ್ ಇಟ್ಟರೆ ನನ್ನ ಗಾಡಿ ಹತ್ತು ಲೀಟರ್ ಡೀಸೆಲ್ ಕುಡಿಯುತ್ತದೆ. ಜೊತೆಗೆ ಐಡಲಿನಲ್ಲಿ ಫಿಲ್ಟರಿಗೆ ಮಸಿ ಕಟ್ಟುತ್ತದೆ. ಇಂಜಿನ್ ಬೇಡದ ಪಾರ್ಕಿಂಗ್ ಎಸಿ ಇದೆ, ಚಾವಣಿ ಮೇಲೆ ಕೂರಿಸುವುದು, ಬ್ಯಾಟರಿಯಿಂದ ಓಡುತ್ತದೆ. ಆಸೆ ಆಯಿತು. ಮೊದಲು ಲೆಕ್ಕ ಹಾಕಿದೆ. ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ವೋಲ್ಟ್ 24 ಆಗುತ್ತದೆ, ಆದರೆ ಆಂಪಿಯರ್ ಅವರ್ ಒಂದು ಬ್ಯಾಟರಿಯಷ್ಟೇ, ನನ್ನದರಲ್ಲಿ 120. ಎಸಿ ಎಳೆಯುವುದು 30 ಆಂಪಿಯರ್ ಅಂದುಕೊಳ್ಳಿ. ಅರ್ಧ ಖಾಲಿಯಾಗಲು ಎರಡೇ ಗಂಟೆ. ಅದಕ್ಕಿಂತ ಕೆಳಗೆ ಹೋದರೆ ಸೆಲ್ಫ್ ಹೊಡೆಯುವುದು ಅನುಮಾನ. ಬೇರೆಯೇ ಲಿಥಿಯಂ ಬ್ಯಾಟರಿ ಬೇಕು, ಅದರ ಖರ್ಚು ನನ್ನ ಒಂದು ಗಾಡಿಯ ಸಂಪಾದನೆಗೆ ಜಾಸ್ತಿ. ಗೆಳೆಯನೊಬ್ಬ ರಸ್ತೆ ಬದಿಯ ಮೆಕ್ಯಾನಿಕ್ ಕೈಲಿ ಹಳೇ ವೈರಿಗೇ ಜೋಡಿಸಿದ. ಒಂದು ವಾರಕ್ಕೆ ವೈರ್ ಸುಟ್ಟ ವಾಸನೆ. ಪುಣ್ಯಕ್ಕೆ ಎಚ್ಚರ ಇದ್ದ.

ಹಾಗಾಗಿ ನಾನು ಮಾಡುವುದು ಇಷ್ಟು. ಬೆಳಿಗ್ಗೆ ಹತ್ತಕ್ಕೆ ನೆರಳು ನೋಡಿ ನಿಲ್ಲಿಸುತ್ತೇನೆ, ಮುಂಗಾಜು ಪೂರ್ವಕ್ಕೋ ಉತ್ತರಕ್ಕೋ ತಿರುಗಿರಬೇಕು. ಗಾಜಿಗೆ ಕಪ್ಪು ಫಿಲಂ ಅಂಟಿಸಬಾರದು ಎಂದು 2012ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಿಂತಾಗ ಮಾತ್ರ ಒಳಗಿನಿಂದ ಬೆಳ್ಳಿ ಬಣ್ಣದ ಹಾಳೆ ಇಡುತ್ತೇನೆ. ಅರ್ಧ ಗಂಟೆ ಎಸಿ ಓಡಿಸಿ ಕ್ಯಾಬಿನ್ ತಣ್ಣಗೆ ಮಾಡಿ ಆಫ್. ಒಳಗೆ ಮತ್ತೆ ಬಿಸಿ ಏರುವಷ್ಟರಲ್ಲಿ ಎರಡು ಗಂಟೆ ಗಟ್ಟಿ ನಿದ್ದೆ ಸಿಗುತ್ತದೆ. ಆಮೇಲೆ ಮುಚ್ಚಳ, ಎರಡೂ ಕಿಟಕಿ ತೆರೆದು, ಸೊಳ್ಳೆ ಪರದೆ ಹಾಕಿ ಇನ್ನೆರಡು ಗಂಟೆ. ಕಂಪನಿ ಕೊಟ್ಟ ರೆಕ್ಸಿನ್ ಮೆತ್ತೆ ಬೆವರಿಗೆ ಬೆನ್ನಿಗೇ ಅಂಟುತ್ತದೆ. ಅದನ್ನು ಕಿತ್ತು ನಮ್ಮೂರ ತೆಂಗಿನ ನಾರಿನ ಹಾಸಿಗೆ ಅಳತೆಗೆ ಕತ್ತರಿಸಿ ಹಾಕಿದೆ. ಮೇಲೆ ಹಳೇ ಹತ್ತಿ ಸೀರೆ. ಇಡೀ ಗಾಡಿಯಲ್ಲಿ ಅತಿ ಕಡಿಮೆ ಖರ್ಚಿನ ಕೆಲಸ ಅದು. ಸುಖ ಮಾತ್ರ ಅದರದ್ದೇ ಹೆಚ್ಚು.

ರೇಡಿಯೇಟರ್ ಬಗ್ಗೆ ಒಂದು ಮಾತು. ಎಸಿ ಗಾಡಿಯಲ್ಲಿ ಸಾಮಾನ್ಯವಾಗಿ ಎಸಿಯ ಕಂಡೆನ್ಸರ್, ಅಂದರೆ ಅದರ ಕಾವು ಹೊರಗೆ ಹಾಕುವ ಜಾಲರಿ, ರೇಡಿಯೇಟರ್ ಮುಂದೆಯೇ ಇರುತ್ತದೆ. ಏಪ್ರಿಲ್‌ನಲ್ಲಿ ಇಂದೋರ್ ಸುತ್ತಿನ ಮಾಳ್ವಾ ಕಡೆ ಗೋಧಿ ಕೊಯ್ಲು, ಗಾಳಿ ತುಂಬ ಹೊಟ್ಟು. ಮೊದಲ ಬೇಸಿಗೆ ಎಸಿ ತಣ್ಣಗೆ ಬರಲಿಲ್ಲ, ಘಾಟಿಯಲ್ಲಿ ಟೆಂಪರೇಚರ್ ಮುಳ್ಳೂ ಏರಿತು. ಗ್ಯಾಸ್ ಕಡಿಮೆ ಅಂತ ಒಂದು ಅಂಗಡಿಯಲ್ಲಿ ದುಡ್ಡು ಕಿತ್ತರು. ಇಣುಕಿ ನೋಡಿದರೆ ಕಂಡೆನ್ಸರಿಗೂ ರೇಡಿಯೇಟರಿಗೂ ಮಧ್ಯೆ ಹೊಟ್ಟಿನ ಗೋಡೆಯೇ ಇತ್ತು. ಈಗ ಪ್ರತಿ ಟ್ರಿಪ್ಪಿಗೂ ಇಂಜಿನ್ ಕಡೆಯಿಂದ ಹೊರಕ್ಕೆ ಗಾಳಿ ಹೊಡೆಸುತ್ತೇನೆ. ಕೊಳ್ಳುವಾಗ ಆ ಸಂದಿಗೆ ಕೈ ಹೋಗುತ್ತದಾ ಅಂತ ನೋಡಬೇಕಿತ್ತು. ನೋಡಿರಲಿಲ್ಲ. ಟೈರಿನದ್ದು ಎಲ್ಲರಿಗೂ ಗೊತ್ತಿರುವುದೇ: ಗಾಳಿ ಬೆಳಿಗ್ಗೆ ತಣ್ಣಗಿರುವಾಗ ನೋಡಬೇಕು, ಮಧ್ಯಾಹ್ನ ಜಾಸ್ತಿ ತೋರಿಸಿತು ಅಂತ ಗಾಳಿ ಹೊರಗೆ ಬಿಡಬಾರದು.

ಮೈಲೇಜು ಲೀಟರಿಗೆ 4.1 ಇದ್ದದ್ದು ಬೇಸಿಗೆಯಲ್ಲಿ ಎಸಿ ಹಾಕಿದರೆ 3.9 ಬರುತ್ತದೆ. ಊರಿನವರು ಇದನ್ನೇ ಎತ್ತಿ ಆಡುತ್ತಾರೆ. ಡಿವೈಡರಿಗೆ ಉಜ್ಜಿದ ಟೈರಿನ ಬೆಲೆ ಹೇಳಿ ಸುಮ್ಮನಾಗಿಸುತ್ತೇನೆ. ನನಗಿರುವ ದೂರು ಬೇರೆ. ಮಲಗುವ ಜಾಗ ಒಬ್ಬರಿಗೆ ಮಾತ್ರ ಸಾಕು. ನಾನು ಗೊರಕೆ ಹೊಡೆಯುವಾಗ ಹುಡುಗ ಸೀಟುಗಳ ಮೇಲೆ ಮಡಚಿಕೊಂಡು ಮಲಗುತ್ತಾನೆ. "ಮಾವ, ಮುಂದಿನ ಗಾಡಿ ನಾನು ಮಲಗಿ ನೋಡ್ತೀನಿ" ಅಂತ ಮೊನ್ನೆ ಹೇಳಿದ.