ಸೈಕಲ್ ಕಲಿಸುವಾಗ ಕೈ ಬಿಡುವುದು ಯಾವಾಗ?

ಪೆಡಲ್ ಬಿಚ್ಚದೆ ನಾನು ಯಾರಿಗೂ ಸೈಕಲ್ ಕಲಿಸುವುದಿಲ್ಲ. ಹದಿನೈದು ಮಿ.ಮೀ. ಸ್ಪ್ಯಾನರ್ ಇದ್ದರೆ ಎರಡು ನಿಮಿಷದ ಕೆಲಸ. ಎಡ ಪೆಡಲ್‌ನ ಥ್ರೆಡ್ ಮಾತ್ರ ಉಲ್ಟಾ. ಅದನ್ನು ಬಲಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಮತ್ತೆ ಹಾಕುವಾಗ ಎಡ ಪೆಡಲನ್ನು ಬಲಗಡೆಯ ತೂತಿಗೆ ಒತ್ತಿ ತೂರಿಸಿದರೆ ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳು, ಕೆಟ್ಟು ಅಂಗಡಿಗೆ ಹೋಗಬೇಕಾಗುತ್ತದೆ. ಸೀಟನ್ನು ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಿ, ಮಂಡಿ ತುಸು ಮಡಿಯುವಷ್ಟು ಇಳಿಸುತ್ತೇನೆ. ದೊಡ್ಡವರಿಗೂ ನಡುಬಾರ್ ಇಲ್ಲದ ಲೇಡೀಸ್ ಸೈಕಲ್ಲೇ ಮೇಲು. ಚೂಡಿದಾರದ ವೇಲ್ ಸೊಂಟಕ್ಕೆ ಕಟ್ಟಿಸಿ, ಪ್ಯಾಂಟಿನ ಬಲಗಾಲು ಮಡಿಸಿಯೇ ಹತ್ತಿಸುವುದು. ಚೈನು ಬಟ್ಟೆ ಎಳೆದರೆ ಆವತ್ತಿನ ಧೈರ್ಯವೆಲ್ಲ ಹೋಯಿತು.

ಜಾಗ ಮುಖ್ಯ. ಮೈಸೂರಿನಲ್ಲಿ ಅದಕ್ಕೆ ಬರವಿಲ್ಲ. ಬೋಗಾದಿ ಕಡೆ ಮನೆಗಳಿನ್ನೂ ಏಳದ ಬಡಾವಣೆಗಳಲ್ಲಿ ಮೂವತ್ತು ನಲವತ್ತು ಮೀಟರ್ ಮೆಲ್ಲಗೆ ಇಳಿದು ಕೊನೆಗೆ ಸಮತಟ್ಟಾಗುವ ಡಾಂಬರು ರಸ್ತೆ ಹುಡುಕಿದರೆ ಸಿಗುತ್ತದೆ. ಜಲ್ಲಿಪುಡಿ ಇದ್ದರೆ ಬೇಡ. ಪೂರ್ತಿ ಮೈದಾನವೂ ಬೇಡ, ಮಣ್ಣಿನಲ್ಲಿ ಚಕ್ರ ಉರುಳದೆ ವೇಗ ಬರುವುದಿಲ್ಲ. ವೇಗವಿಲ್ಲದೆ ಬ್ಯಾಲೆನ್ಸ್ ಇಲ್ಲ.

ಮೊದಲು ಸೀಟಿನ ಮೇಲೆ ಕೂತೇ ನಡಿಗೆ, ಆಮೇಲೆ ಉದ್ದುದ್ದ ಹೆಜ್ಜೆ, ಆಮೇಲೆ ಇಳಿಜಾರಿನಲ್ಲಿ ಎರಡೂ ಕಾಲೆತ್ತಿ ಮೂರು ಎಣಿಸುವಷ್ಟು ಹೊತ್ತು ತೇಲುವುದು. ಇದಕ್ಕೂ ಮುಂಚೆ ಬ್ರೇಕ್. ತಳ್ಳಿಕೊಂಡು ಹೋಗುವಾಗಲೇ ಹತ್ತು ಸಲ ಹಿಡಿಸುತ್ತೇನೆ, ಯಾವ ಲಿವರ್ ಯಾವ ಚಕ್ರದ್ದು ಎಂದು ನೋಡಿಕೊಂಡು.

ಎಲ್ಲರೂ ಸೋಲುವ ಜಾಗ ಒಂದೇ. ಸೈಕಲ್ ಎಡಕ್ಕೆ ವಾಲಿತು ಅನ್ನಿ, ಕೈ ತಾನಾಗಿ ಹ್ಯಾಂಡಲನ್ನು ಬಲಕ್ಕೆ ಎಳೆಯುತ್ತದೆ. ಬಿದ್ದರು. ವಾಲಿದ ಕಡೆಗೇ ತಿರುಗಿಸಿದರೆ ಚಕ್ರ ಮೈಯ ಅಡಿಗೆ ಬಂದು ಸೈಕಲ್ ನೆಟ್ಟಗಾಗುತ್ತದೆ. ಸೈಡ್ ವೀಲ್ ಹಾಕಿದ ಸೈಕಲ್ ವಾಲುವುದೇ ಇಲ್ಲ. ಮಗು ಎರಡು ವರ್ಷ ಅದರಲ್ಲಿ ಸುತ್ತಿದರೂ ಕಲಿಯಬೇಕಾದ್ದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಕಲಿತಿರುತ್ತದೆ. ಅಪ್ಪನ ದೊಡ್ಡ ಸೈಕಲ್ಲಿನ ಬಾರ್ ಅಡಿಯಲ್ಲಿ ಕಾಲು ತೂರಿಸಿ ಒಳಪೆಡ್ಲು ಹೊಡೆದ ಹಳ್ಳಿಯ ಮಕ್ಕಳಿಗೆ ಈ ತೊಂದರೆಯೇ ಇರಲಿಲ್ಲ, ವಾಲಿಸದೆ ಅದು ಮುಂದಕ್ಕೇ ಹೋಗುತ್ತಿರಲಿಲ್ಲವಲ್ಲ.

ಇದನ್ನು ಬಾಯಲ್ಲಿ ವಿವರಿಸಿದರೆ ದೊಡ್ಡವರು ಇನ್ನೂ ಬಿಗಿಯಾಗುತ್ತಾರೆ. ಮೊಣಕೈ ನೆಟ್ಟಗೆ, ಭುಜ ಕಿವಿಯ ಹತ್ತಿರ, ಕಣ್ಣು ಮುಂದಿನ ಚಕ್ರದ ಮೇಲೆ, ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಹಿಡಿತ. 'ಮೊಣಕೈ ಸಡಿಲ ಬಿಡಿ' ಅಂದರೆ ಗಮನವೆಲ್ಲ ಮೊಣಕೈಗೇ ಹೋಗುತ್ತದೆ. ಅದರ ಬದಲು ಒಂದೂವರೆ ಮೀಟರ್ ಅಗಲಕ್ಕೆ ಎರಡು ತೆಂಗಿನ ಚಿಪ್ಪು ಇಟ್ಟು, 'ಅವುಗಳ ಮಧ್ಯೆ ಹೋಗಿ' ಅನ್ನುತ್ತೇನೆ. ಕಣ್ಣು ಮೇಲೇಳುತ್ತದೆ, ಕೈ ತಾನೇ ಸಡಿಲವಾಗುತ್ತದೆ. ಗಮನ ಮೈಯ ಮೇಲಿರುವುದಕ್ಕಿಂತ ಮಾಡುವ ಕೆಲಸದ ಮೇಲಿದ್ದರೆ ಚಲನೆ ಸಲೀಸು ಎಂದು ಚಲನೆಯ ಕಲಿಕೆಯನ್ನು ಅಧ್ಯಯನ ಮಾಡುವ ಗೇಬ್ರಿಯೆಲೆ ವುಲ್ಫ್ ತೊಂಬತ್ತರ ದಶಕದಿಂದ ತೋರಿಸುತ್ತ ಬಂದಿರುವುದು ಇದನ್ನೇ.

ಮಕ್ಕಳಿಗೂ ದೊಡ್ಡವರಿಗೂ ನಾನು ಬೇರೆ ಮಾಡುವುದು ತಿದ್ದುವ ವಿಷಯದಲ್ಲಿ. ಮಗುವಿಗೆ ಪ್ರತಿ ಸುತ್ತಿಗೂ ಹೇಳುತ್ತೇನೆ, ಒಂದೇ ಮಾತು: 'ದೂರ ನೋಡು ಪುಟ್ಟ'. ದೊಡ್ಡವರಿಗೆ ಮೂರು ಸುತ್ತಿಗೊಮ್ಮೆ, ಅದೂ 'ನಿಮಗೇನು ಅನ್ನಿಸಿತು?' ಎಂದು ಕೇಳಿದ ಮೇಲೆ. 2008ರಲ್ಲಿ ಸಲಿವನ್, ಕಾಂತಕ್, ಬರ್ಟ್ನರ್ ಎಂಬ ಸಂಶೋಧಕರು ಕೈಚಲನೆಯ ಪ್ರಯೋಗದಲ್ಲಿ ಕಂಡದ್ದೂ ಹೀಗೆಯೇ: ಫಲಿತಾಂಶ ಹೇಳುವುದನ್ನು ಕಡಿಮೆ ಮಾಡಿದಾಗ ದೊಡ್ಡವರಲ್ಲಿ ಕಲಿಕೆ ಚೆನ್ನಾಗಿ ಉಳಿಯಿತು, ಮಕ್ಕಳಿಗೆ ಪ್ರತಿ ಸಲ ಹೇಳಿದ್ದೇ ಒಳ್ಳೆಯದಾಯಿತು. ಸೀಟು ಹಿಡಿದು ಹಿಂದೆ ಓಡುವುದೂ ತಿದ್ದಿದ ಹಾಗೆಯೇ. 'ಬಿಡ್ಬೇಡಿ ಸಾರ್' ಅಂದರೂ ನಾನು ಹಿಡಿಯುವುದು ಭುಜದ ಹತ್ತಿರ ಬಟ್ಟೆಯನ್ನು ಮಾತ್ರ. ಸೀಟು ಹಿಡಿದರೆ ವಾಲುವುದನ್ನು ನನ್ನ ಕೈ ಸರಿಮಾಡುತ್ತದೆ, ಅವರ ಕೈ ಕಲಿಯುವುದಿಲ್ಲ. ಕಾಲೆತ್ತಿ ಸತತ ಐದು ಸಲ ಚಿಪ್ಪು ದಾಟಿದ ಮೇಲೆ ಅದನ್ನೂ ಬಿಡುತ್ತೇನೆ, ಪೆಡಲ್ ಹಾಕುತ್ತೇನೆ. ಹೊರಡುವಾಗ ಬಲ ಪೆಡಲ್, ಬಲಗಡೆಯಿಂದ ನೋಡಿದರೆ, ಗಡಿಯಾರದ ಎರಡು ಗಂಟೆಯ ಜಾಗಕ್ಕೆ ಬಂದಿರಬೇಕು, ಮೊದಲ ತುಳಿತದಲ್ಲೇ ವೇಗ ಸಿಗಲು.

ಮಕ್ಕಳಿಗೆ ದಿನಕ್ಕೆ ಇಪ್ಪತ್ತು ನಿಮಿಷ, ದೊಡ್ಡವರಿಗೆ ನಲವತ್ತು, ಅದಕ್ಕಿಂತ ಹೆಚ್ಚಿಲ್ಲ. 'ಭಾನುವಾರ ಇಡೀ ದಿನ ಕಲಿಸಿಬಿಡಿ' ಅನ್ನುವವರಿಗೆ ಬ್ರಿಟನ್ನಿನ ಅಂಚೆ ನೌಕರರ ಮೇಲೆ ಬ್ಯಾಡ್ಲಿ ಮತ್ತು ಲಾಂಗ್‌ಮನ್ 1978ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತೇನೆ. ಕೀಲಿಮಣೆ ಕಲಿಯಲು ದಿನಕ್ಕೆ ಒಂದೇ ಗಂಟೆ ಕೂತವರಿಗೆ ಒಟ್ಟು ಗಂಟೆ ಕಡಿಮೆ ಸಾಕಾಯಿತು. ಆದರೆ ತಮ್ಮ ವೇಳಾಪಟ್ಟಿಯ ಬಗ್ಗೆ ಹೆಚ್ಚು ಬೇಸರಪಟ್ಟವರೂ ಅವರೇ.

ಎರಡನೇ ವಾರದಿಂದ ಎಡ ತಿರುವು, ಬಲ ತಿರುವು, ಬ್ರೇಕ್, ಹತ್ತಿ ಹೊರಡುವುದು ಇವನ್ನು ಕಲಸಿಬಿಡುತ್ತೇನೆ. ಒಂದನ್ನೇ ಇಪ್ಪತ್ತು ಸಲ ಮಾಡಿಸಿದರೆ ಆ ಸಂಜೆ ನೋಡಲು ಚಂದ, ಪಕ್ಕದಲ್ಲಿ ನಿಂತ ಅಮ್ಮಂದಿರಿಗೂ ಖುಷಿ. ಕಲಸಿದರೆ ಎಲ್ಲವೂ ಒರಟು. ಆದರೆ ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು 1979ರ ಕೈಚಲನೆಯ ಪ್ರಯೋಗದಲ್ಲಿ ಹತ್ತು ದಿನ ಬಿಟ್ಟು ಪರೀಕ್ಷಿಸಿದಾಗ ಕಲಸಿ ಅಭ್ಯಾಸ ಮಾಡಿದವರೇ ಮುಂದಿದ್ದರು.

ಹಾಗಾಗಿ ದಸರಾ ರಜೆಯ ಕೊನೆಯ ದಿನ ಹೇಗೆ ಓಡಿಸಿದರು ಎಂಬುದನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ನಡುವೆ ಸೈಕಲ್ ಮುಟ್ಟದೆ ಸಂಕ್ರಾಂತಿಗೆ ಬಂದವರನ್ನು ನೋಡುತ್ತೇನೆ. ಮೊದಲ ಐದು ನಿಮಿಷ ಏನೂ ಹೇಳುವುದಿಲ್ಲ, ಸುಮ್ಮನೆ ಓಲಾಡಲು ಬಿಡುತ್ತೇನೆ. ಬ್ಯಾಲೆನ್ಸ್ ಸಾಮಾನ್ಯವಾಗಿ ಹಾಗೇ ಇರುತ್ತದೆ. ಮರೆತಿರುವುದು ಬೇರೆ: ಹೊರಡುವ ಮುಂಚೆ ಪೆಡಲನ್ನು ಎರಡು ಗಂಟೆಗೆ ತರುವುದು, ತಿರುಗುವ ಮುಂಚೆ ಹಿಂದೆ ನೋಡಿ ಕೈ ತೋರಿಸುವುದು. ಆ ಎರಡನ್ನು ಮತ್ತೆ ಮೊದಲಿನಿಂದ ಮಾಡಿಸುತ್ತೇನೆ, ನಿಂತ ಸೈಕಲ್ಲಿನ ಮೇಲೆ.