ಡೇವಿಸ್‌ಗೆ ಹೊರಟಿರುವ ಮಂಡ್ಯ, ಮೈಸೂರಿನವರಿಗೆ

ರಜೆಗೆಂದು ಮಂಡ್ಯದ ಮನೆಗೆ ಬಂದು ಒಂದು ವಾರವಾಯಿತು. ಅಷ್ಟರಲ್ಲೇ ಮೂರು ಜನ ಬಂದು ಜಗಲಿ ಮೇಲೆ ಕೂತು ಮಾತಾಡಿ ಹೋದರು. ಒಬ್ಬಳು ಇಲ್ಲೇ ವಿ.ಸಿ. ಫಾರಂ ಕೃಷಿ ಕಾಲೇಜಿನಲ್ಲಿ ಓದಿದವಳು, ಇಬ್ಬರು ಮೈಸೂರಿನ ಹುಡುಗರು. ಮೂವರೂ ಓದಲು ಕ್ಯಾಲಿಫೋರ್ನಿಯಾದ ಡೇವಿಸ್‌ಗೆ ಹೊರಟಿದ್ದಾರೆ. "ಅಕ್ಕಾ, ಕುಕ್ಕರ್ ತರಬೇಕಾ? ಸ್ವೆಟರ್ ಎಷ್ಟು ಬೇಕು?" ಅಂತ ಕೇಳಿದರು. ಅದನ್ನೆಲ್ಲ ಹೇಳಿದೆ. ಆದರೆ ಹದಿನಾಲ್ಕು ವರ್ಷ ಆ ಊರಲ್ಲಿ ಬಾಳಿದವಳಿಗೆ ಹೇಳಬೇಕು ಅನ್ನಿಸುವುದೇ ಬೇರೆ. ಅಲ್ಲಿನ ಬೇಸಿಗೆಯನ್ನು ಏಸಿ ಹಾಕಿಕೊಂಡು ರೂಮಿನೊಳಗೆ ಕಳೆಯಬೇಡಿ. ಆ ಊರಿನ ಮಣ್ಣು, ನೀರಿಗೆ ಕೈ ಹಾಕುವವರೆಗೂ ನಾನು ಅಲ್ಲಿ ನೆಂಟಳ ಹಾಗೇ ಇದ್ದೆ.

ಡೇವಿಸ್ ಚಿಕ್ಕ ಊರು. 2020ರ ಜನಗಣತಿಯಲ್ಲಿ 66,850 ಜನ, ಅಂದರೆ ಮಂಡ್ಯಕ್ಕಿಂತ ಕಡಿಮೆ. ನಮ್ಮಲ್ಲಿ ಮೇ ತಿಂಗಳ ಬಿಸಿಲಿಗೆ ಸಂಜೆ ಗುಡುಗು ಮಳೆ ಬರುತ್ತದೆ ಅಲ್ವಾ? ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಇಲ್ಲವೆಂದೇ ಹೇಳಬೇಕು. ಮಧ್ಯಾಹ್ನ 38 ಡಿಗ್ರಿ ದಾಟುವ ದಿನಗಳು ಬಹಳ. ಸಂಜೆಯಾದರೆ ಕಡಲ ಕಡೆಯಿಂದ ತಂಪು ಗಾಳಿ ಬೀಸುತ್ತದೆ, ಡೆಲ್ಟಾ ಬ್ರೀಜ್ ಅನ್ನುತ್ತಾರೆ. ಸ್ವೆಟರ್ ಬೇಕಾಗುವುದು ಆಗಲೇ. ಊರಿನ ಓಡಾಟವೆಲ್ಲ ಬೆಳಿಗ್ಗೆ ಬೇಗ, ಇಲ್ಲವೇ ಹೊತ್ತು ಇಳಿದ ಮೇಲೆ.

ನೀವು ಹೋಗಿ ಇಳಿಯುವುದು ಆಗಸ್ಟ್ ಕೊನೆಗೆ. ಬಾಡಿಗೆ ಮನೆಗಳ ಕರಾರು ಹೆಚ್ಚಾಗಿ ಮುಗಿಯುವುದೂ ಆಗಲೇ. ಅರ್ಧ ಊರೇ ಮನೆ ಬದಲಾಯಿಸುತ್ತದೆ. ಮೇಜು, ಕುರ್ಚಿ, ಪಾತ್ರೆಗಳೆಲ್ಲ ರಸ್ತೆ ಬದಿಗೆ ಬರುತ್ತವೆ. ಸಂಕೋಚ ಬೇಡ, ತಗೊಳ್ಳಿ. ನೀವು ಒಯ್ಯುವ ಪ್ರತಿ ಮೇಜೂ ಕಸದ ಗುಡ್ಡ ಸೇರುವುದು ತಪ್ಪುತ್ತದೆ. ಹಾಸಿಗೆ, ಸೋಫಾ ಮಾತ್ರ ಬೇಡ, ತಿಗಣೆ ಇರಬಹುದು. ಹಸಿ ಕಸ, ಒಣ ಕಸ ಬೇರೆ ಮಾಡುವುದು ನಿಮಗೆ ಗೊತ್ತೇ ಇದೆ. ಅಲ್ಲಿ 2022ರಿಂದ ಅದು ರಾಜ್ಯದ ಕಾನೂನು. ತರಕಾರಿ ಸಿಪ್ಪೆ, ಮಿಕ್ಕಿದ ಅನ್ನ ಬೇರೆ ಡಬ್ಬಿಗೆ ಹೋಗಬೇಕು.

ಸೈಕಲ್ ಕೊಳ್ಳಿ. ಮೈಸೂರಿಗೆ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂತು. ಡೇವಿಸ್‌ನಲ್ಲಿ 1967ರಲ್ಲೇ ರಸ್ತೆ ಮೇಲೆ ಸೈಕಲ್ಲಿಗೆ ಪಟ್ಟೆ ಎಳೆದರು, ಅಮೆರಿಕಕ್ಕೇ ಅದು ಮೊದಲು. ರಾತ್ರಿ ದೀಪ ಇಲ್ಲದೆ ಓಡಿಸಿದರೆ ದಂಡ. ಶನಿವಾರ ಬೆಳಿಗ್ಗೆ ಸೆಂಟ್ರಲ್ ಪಾರ್ಕಿನ ರೈತರ ಸಂತೆಗೆ ಸೈಕಲ್ಲಿನಲ್ಲೇ ಹೋಗಿ. ಬೆಳೆದವರೇ ಕೂತು ಮಾರುತ್ತಾರೆ, ನಮ್ಮ ಸಂತೆ ಹಾಗೇ.

ಇನ್ನು ಪ್ಯೂಟಾ ಕ್ರೀಕ್. ಊರಿನ ದಕ್ಷಿಣಕ್ಕೆ ಹರಿಯುವ ಹಳ್ಳ. ಇದರ ಕಥೆ ಕನ್ನಂಬಾಡಿ ಕಟ್ಟೆ ನೀರು ಕುಡಿದು ಬೆಳೆದವರಿಗೆ ಬೇಗ ಅರ್ಥವಾಗುತ್ತದೆ. 1957ರಲ್ಲಿ ಮೇಲೆ ಮಾಂಟಿಸೆಲೊ ಅಣೆಕಟ್ಟು ಕಟ್ಟಿದರು. ನೀರು ನಾಲೆಗೆ ಹೋಯಿತು. 1989ರ ಬರಗಾಲದಲ್ಲಿ ಕೆಳಗಿನ ಹಳ್ಳ ಅಲ್ಲಲ್ಲಿ ಬತ್ತಿ ಮೀನು ಸತ್ತವು. ಊರಿನವರು ಪ್ಯೂಟಾ ಕ್ರೀಕ್ ಕೌನ್ಸಿಲ್ ಅಂತ ಕೂಡಿಕೊಂಡು ಕೋರ್ಟಿಗೆ ಹೋದರು. ನಗರ, ವಿಶ್ವವಿದ್ಯಾಲಯ ಎರಡೂ ಜೊತೆಗೆ ನಿಂತವು. 2000ದ ಮೇ ತಿಂಗಳಲ್ಲಿ ಒಪ್ಪಂದವಾಯಿತು. ವರ್ಷವಿಡೀ ಹಳ್ಳಕ್ಕೆ ಇಷ್ಟು ನೀರು ಬಿಡಲೇಬೇಕು ಅಂತ ಬರೆದರು. ಕಟ್ಟೆಯಿಂದ ಎಷ್ಟು ಬಿಡಬೇಕು ಅನ್ನುವ ಜಗಳ ನಮಗೆ ಹೊಸದಲ್ಲ. ಆದರೆ ಆ ಲೆಕ್ಕದಲ್ಲಿ ಮೀನಿಗೂ ಒಂದು ಪಾಲು ಬರೆದದ್ದು ಕಂಡು ನಾನು ಎಷ್ಟೋ ದಿನ ಅದನ್ನೇ ಯೋಚಿಸಿದೆ. ಕಾಣೆಯಾಗಿದ್ದ ಸಾಲ್ಮನ್ ಮೀನು ಈಗ ಮತ್ತೆ ಮೊಟ್ಟೆ ಇಡಲು ಕಡಲಿಂದ ಹಳ್ಳ ಹತ್ತಿ ಬರುತ್ತವೆ.

ಆ ಹಳ್ಳದ ದಡದಲ್ಲಿ ಯಾರು ಬೇಕಾದರೂ ಕೌನ್ಸಿಲ್‌ನವರ ಜೊತೆ ಸ್ವಯಂಸೇವಕರಾಗಿ ಕೆಲಸ ಮಾಡಬಹುದು. ಅಲ್ಲಿ ಗಿಡ ನೆಡುವುದು ಮಳೆ ಶುರುವಾದ ಮೇಲೆ, ನವೆಂಬರ್ ಆದಮೇಲೆ. ಬೇಸಿಗೆಯಲ್ಲಿ ಆ ಸಸಿಗಳನ್ನು ಉಳಿಸಿಕೊಳ್ಳಬೇಕು. ನೀರು ಹಾಕಬೇಕು, ಕಳೆ ಕೀಳಬೇಕು. ನಮ್ಮ ಕಾಂಗ್ರೆಸ್ ಗಿಡದ ಹಾಗೆ ಅಲ್ಲಿ ಸ್ಟಾರ್‌ಥಿಸಲ್ ಅಂತ ಒಂದಿದೆ. ಹಳದಿ ಹೂವು, ಸುತ್ತ ಸೂಜಿಯಂಥ ಮುಳ್ಳು. ದಪ್ಪ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಮೂರು ಮೂರು ಎಲೆಯ ಪಾಯಿಸನ್ ಓಕ್ ಕಂಡರೆ ದೂರ ಸರಿಯಿರಿ. ಮೊದಲ ವರ್ಷ ನಾನು ಗೊತ್ತಿಲ್ಲದೆ ಬರಿಗೈಯಲ್ಲಿ ಸರಿಸಿ ಹತ್ತು ದಿನ ತುರಿಕೆಯಲ್ಲಿ ನರಳಿದೆ. ಅದರ ಜಿಡ್ಡು ಬಟ್ಟೆಗೂ ಅಂಟುತ್ತದೆ. ತಕ್ಷಣ ಸೋಪು ಹಾಕಿ ತೊಳೆಯಿರಿ.

ಬಾವಲಿ ನೋಡಲು ಮರೆಯಬೇಡಿ. ಡೇವಿಸ್‌ನಿಂದ ಸ್ಯಾಕ್ರಮೆಂಟೊಗೆ ಹೋಗುವ ಹೆದ್ದಾರಿಯಲ್ಲಿ ಯೋಲೊ ಕಾಸ್‌ವೇ ಅನ್ನುವ ಉದ್ದ ಸೇತುವೆ ಇದೆ. ಬೇಸಿಗೆಯಲ್ಲಿ ಅದರ ಸಂದುಗಳಲ್ಲಿ ಸುಮಾರು 2.5 ಲಕ್ಷ ಬಾವಲಿಗಳು ಇರುತ್ತವೆ. ರಂಗನತಿಟ್ಟಿನಲ್ಲಿ ತೂಗಾಡುವ ದೊಡ್ಡ ಬಾವಲಿಗಳಲ್ಲ, ಇವು ಅಂಗೈಯಲ್ಲಿ ಹಿಡಿಸುವಷ್ಟು. ಹೊತ್ತು ಮುಳುಗುತ್ತಿದ್ದಂತೆ ಹೊಗೆ ಎದ್ದ ಹಾಗೆ ಸಾಲುಸಾಲಾಗಿ ಹೊರಡುತ್ತವೆ. ಸುತ್ತಲಿನ ಭತ್ತದ ಗದ್ದೆಗಳ ಹುಳುಗಳೇ ಅವಕ್ಕೆ ಊಟ. ಹೌದು, ಅಲ್ಲೂ ಭತ್ತ ಬೆಳೆಯುತ್ತಾರೆ! ನಾಟಿ ಇಲ್ಲ, ನೀರು ನಿಲ್ಲಿಸಿದ ಗದ್ದೆಗೆ ವಿಮಾನದಿಂದ ಬೀಜ ಚೆಲ್ಲುತ್ತಾರೆ. ಯೋಲೊ ಬೇಸಿನ್ ಫೌಂಡೇಶನ್‌ನವರು ಬೇಸಿಗೆಯ ಸಂಜೆ ಜನರನ್ನು ಕರೆದುಕೊಂಡು ಹೋಗಿ ಈ ಬಾವಲಿಗಳನ್ನು ತೋರಿಸುತ್ತಾರೆ.

ಒಂದು ಎಚ್ಚರಿಕೆ. ಆಗಸ್ಟ್ ಆದಮೇಲೆ ಕಾಡ್ಗಿಚ್ಚಿನ ಹೊಗೆ ಊರಿಗೆ ಬರಬಹುದು. ಗಾಳಿ ಕೆಟ್ಟ ದಿನ ಹೊರಗೆ ಕೆಲಸ ಬೇಡ. ಎನ್95 ಮಾಸ್ಕ್ ನಾಲ್ಕು ಇಟ್ಟುಕೊಂಡಿರಿ.

ವಿ.ಸಿ. ಫಾರಂ ಹುಡುಗಿ ಎದ್ದು ಹೊರಡುವಾಗ ಕೇಳಿದಳು, "ಪರಿಚಯ ಯಾರೂ ಇಲ್ಲ ಅಕ್ಕಾ, ಆ ಹಳ್ಳದ ಕೆಲಸಕ್ಕೆ ಸುಮ್ನೆ ಹೋಗಿ ನಿಂತರೆ ಆಗುತ್ತಾ?" ಆಗುತ್ತಮ್ಮ. ಮೊದಲೇ ಹೆಸರು ಬರೆಸು. ಉದ್ದ ತೋಳಿನ ಅಂಗಿ, ಮುಚ್ಚಿದ ಶೂ, ನೀರಿನ ಬಾಟಲಿ ಇರಲಿ. ಗುದ್ದಲಿ ಹಿಡಿದು ಅಭ್ಯಾಸ ಇದೆ ಅಂತ ಹೇಳು, ನಿನ್ನನ್ನು ಬಿಡುವುದೇ ಇಲ್ಲ.